ಹಲ್ಲಿಗೆ ಕಂಪನ ಕೊಟ್ಟರೆ ಕ್ಲಿಪ್ ಬೇಗ ಬಿಚ್ಚಬಹುದೇ?

ಪ್ಲಸ್ ಟು ಮುಗಿಸಿ ಬೆಂಗಳೂರಿಗೆ ಹೊರಡುವ ಮೊದಲು ಮಗಳ ಹಲ್ಲು ಸಾಲಿಗೆ ತರಲು ಹಾಕಿದ ತಂತಿಯ ಕ್ಲಿಪ್ ಬಿಚ್ಚಿಸಬೇಕು ಎಂಬ ಆತುರ ಬದಿಯಡ್ಕದ ಅಮ್ಮನಿಗೆ. ಎರಡು ತಿಂಗಳ ರಜೆಯಲ್ಲಿ ಗಲ್ಫಿನಿಂದ ಬಂದ ಉಪ್ಪಳದ ಹುಡುಗನಿಗೆ ಮರಳುವ ಟಿಕೆಟ್ ಮೊದಲೇ ಆಗಿದೆ. ಮದುವೆ ನಿಶ್ಚಯವಾದವರ ಅವಸರವನ್ನಂತೂ ಹೇಳುವುದೇ ಬೇಡ. ನಮ್ಮ ಕಾಸರಗೋಡು ಕಡೆಯ ಹಲ್ಲಿನ ಡಾಕ್ಟರ ಬಳಿ ನೋವಿನ ಬಗ್ಗೆ ಕೇಳುವವರಿಗಿಂತ, ಖರ್ಚಿನ ಬಗ್ಗೆ ಕೇಳುವವರಿಗಿಂತ ಸಮಯದ ಬಗ್ಗೆ ಕೇಳುವವರೇ ಹೆಚ್ಚು: "ಡಾಕ್ಟ್ರೇ, ಬೇಗ ಆಗುವಂಥದ್ದು ಏನಾದರೂ ಉಂಟಾ?"

ಉಂಟು ಎನ್ನುವ ಜಾಹೀರಾತುಗಳು ಮೊಬೈಲಿನಲ್ಲಿ ಧಾರಾಳವಾಗಿ ಬರುತ್ತವೆ. ಅವುಗಳಲ್ಲಿ ಒಂದು ಬಗೆ ಕಂಪನದ ಸಾಧನ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಮೋಟಾರು ಡಬ್ಬಿ, ಅದರ ತುದಿಗೆ ಮೆತ್ತನೆಯ ಪ್ಲಾಸ್ಟಿಕ್ಕಿನ, ಕುದುರೆ ಲಾಳದ ಆಕಾರದ ಕಚ್ಚುಪಟ್ಟಿ. ಬಾಯಲ್ಲಿಟ್ಟು ಹಗುರವಾಗಿ ಕಚ್ಚಿ ಗುಂಡಿ ಒತ್ತಿದರೆ ಮೊಬೈಲ್ ಫೋನಿನ ವೈಬ್ರೇಶನ್ನಿನಂಥ ನಡುಕ ಹಲ್ಲುಗಳಿಗೆ ತಾಗುತ್ತದೆ. ಹೆಚ್ಚು ಹೆಸರಾದದ್ದು ಅಮೆರಿಕದ ಆಕ್ಸೆಲಡೆಂಟ್. ಸೆಕೆಂಡಿಗೆ 30 ಸಲ ಕಂಪನ, 0.25 ನ್ಯೂಟನ್ ಬಲ, ದಿನಕ್ಕೆ 20 ನಿಮಿಷ. ಆಮೇಲೆ ಬಂದ ವಿಪ್ರೋ5 ಎಂಬುದು ಸೆಕೆಂಡಿಗೆ 120 ಸಲ ನಡುಗುತ್ತದೆ, ದಿನಕ್ಕೆ ಐದೇ ನಿಮಿಷ ಸಾಕು ಎನ್ನುತ್ತದೆ. ಆಕ್ಸೆಲಡೆಂಟಿನ ಪ್ರಚಾರದಲ್ಲಿ ಎದ್ದು ಕಾಣುತ್ತಿದ್ದ ಮಾತು, ಹಲ್ಲು ಶೇಕಡಾ 50ರಷ್ಟು ವೇಗವಾಗಿ ಸರಿಯುತ್ತದೆ ಎಂಬುದು. ಅಮೆರಿಕದಲ್ಲಿ ಇದರ ಬೆಲೆ ಸುಮಾರು ಎಂಟುನೂರರಿಂದ ಸಾವಿರ ಡಾಲರ್ ಇತ್ತು. ನಮ್ಮ ಲೆಕ್ಕದಲ್ಲಿ ಒಂದು ಮಗುವಿನ ಇಡೀ ಕ್ಲಿಪ್ ಚಿಕಿತ್ಸೆಯನ್ನೇ ಮುಗಿಸಬಹುದಾದಂಥ ಮೊತ್ತ ಅದು.

ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಈಗ ಕೈಯಲ್ಲಿರುವ ಪುರಾವೆಗಳನ್ನು ನೋಡಿದರೆ ಈ ಸಾಧನಕ್ಕೆ ದುಡ್ಡು ಸುರಿಯಬೇಕಾಗಿಲ್ಲ. ಆದರೆ ಹಾಗೆ ಹೇಳಿ ಸುಮ್ಮನಾದರೆ ಅರ್ಧ ಮಾತಷ್ಟೇ ಆದೀತು. ಕಂಪನ ಕೆಲಸ ಮಾಡಬಹುದು ಎಂದು ತಿಳಿದವರಿಗೇ ಯಾಕೆ ಅನಿಸಿತು, ಒಂದು ಪರೀಕ್ಷೆ ಹೌದೆಂದದ್ದನ್ನು ಉಳಿದವು ಯಾಕೆ ಒಪ್ಪಲಿಲ್ಲ, ಕೊನೆಗೆ ನಮ್ಮ ಮಕ್ಕಳ ಚಿಕಿತ್ಸೆಯ ತಿಂಗಳುಗಳು ನಿಜವಾಗಿ ಎಲ್ಲಿ ಸೋರಿಹೋಗುತ್ತವೆ ಎಂಬುದನ್ನೂ ನೋಡಬೇಕು.

ಗದ್ದೆ ಬದುವಿನಲ್ಲಿ ನೆಟ್ಟ ಗೂಟವನ್ನು ಅತ್ತಿತ್ತ ಅಲ್ಲಾಡಿಸಿದರೆ ಸಡಿಲವಾಗುತ್ತದೆ, ಹಲ್ಲೂ ಹಾಗೆಯೇ ಇರಬೇಕು ಎಂದು ಯಾರಿಗಾದರೂ ಅನಿಸುತ್ತದೆ. ಹಲ್ಲಿನ ವಿಷಯ ಬೇರೆ. ಹಲ್ಲಿನ ಬೇರಿಗೂ ಸುತ್ತಲಿನ ಮೂಳೆಗೂ ನಡುವೆ ಸುಮಾರು 0.2 ಮಿಲಿಮೀಟರ್ ದಪ್ಪದ ನಾರಿನ ಪದರವೊಂದಿದೆ. ತಂತಿ ಹಲ್ಲನ್ನು ಒಂದು ಕಡೆಗೆ ದೂಡಿದಾಗ ಆ ಕಡೆಯ ನಾರು ಜಜ್ಜಿದಂತಾಗಿ ರಕ್ತಸಂಚಾರ ಕುಗ್ಗುತ್ತದೆ. ಆ ಸಂಕೇತಕ್ಕೆ ಓಗೊಟ್ಟು ಮೂಳೆ ತಿನ್ನುವ ಜೀವಕೋಶಗಳು ಅಲ್ಲಿ ಸೇರುತ್ತವೆ, ಎದುರಿನ ಗೋಡೆಯನ್ನು ಕರಗಿಸುತ್ತವೆ. ಹಲ್ಲು ಬಿಟ್ಟುಬಂದ ಹಿಂದಿನ ಜಾಗದಲ್ಲಿ ನಾರು ಎಳೆಯಲ್ಪಟ್ಟು, ಮೂಳೆ ಕಟ್ಟುವ ಬೇರೆ ಜೀವಕೋಶಗಳು ಕೆಲಸ ಸುರು ಮಾಡುತ್ತವೆ. ಮುಂದೆ ಗೋಡೆ ಒಡೆಯುತ್ತ, ಹಿಂದೆ ಗೋಡೆ ಕಟ್ಟುತ್ತ ಹಲ್ಲು ತನ್ನ ಗೂಡಿನ ಸಮೇತ ಸರಿಯುತ್ತದೆ. ತಂತಿ ಬಿಗಿದ ಮೊದಲ ಒಂದೆರಡು ದಿನ ಹಲ್ಲು ನಾರಿನ ಎಡೆಯೊಳಗೆ ಚೂರು ಸರಿದು, ಆಮೇಲೆ ಎರಡು ಮೂರು ವಾರ ನಿಂತೇಬಿಟ್ಟಂತೆ ಕಾಣುವುದೂ ಇದಕ್ಕೇ. ಜಜ್ಜಿಹೋದ ನಾರನ್ನು ಜೀವಕೋಶಗಳು ತೆರವು ಮಾಡುವವರೆಗೆ ಮುಂದಕ್ಕೆ ದಾರಿ ಇಲ್ಲ.

ಆದ್ದರಿಂದ ವೇಗವನ್ನು ನಿರ್ಧರಿಸುವುದು ಒತ್ತಡದ ಪ್ರಮಾಣವಲ್ಲ, ಜೀವಕೋಶಗಳ ಗತಿ. ಹಲ್ಲು ಕಿತ್ತ ಎಡೆಗೆ ಕೋರೆಹಲ್ಲನ್ನು ಹಿಂದಕ್ಕೆ ಎಳೆಯುವಾಗ ಅದು ತಿಂಗಳಿಗೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್ ಸರಿಯುತ್ತದೆ. ತಂತಿಯನ್ನು ಇನ್ನಷ್ಟು ಬಿಗಿದರೆ ಬೇಗ ಆಗುವುದಿಲ್ಲ. ನಾರು ಹೆಚ್ಚು ಜಜ್ಜಿ ಇನ್ನೂ ತಡವಾಗಬಹುದು, ಬೇರಿನ ತುದಿ ಸವೆಯುವ ಅಪಾಯವೂ ಇದೆ. "ಸ್ವಲ್ಪ ಟೈಟ್ ಮಾಡಿ ಡಾಕ್ಟ್ರೇ, ನಾನು ನೋವು ತಡ್ಕೊಳ್ತೇನೆ" ಎನ್ನುವ ಹುಡುಗರಿಗೆ ಡಾಕ್ಟರು ಒಪ್ಪದೆ ಇರುವುದು ಇದೇ ಕಾರಣಕ್ಕೆ.

ಬಲದಿಂದ ಆಗದ್ದು ಕಂಪನದಿಂದ ಆದೀತೇ ಎಂಬ ಯೋಚನೆ ಬಂದದ್ದು ಹಲ್ಲಿನಿಂದಲ್ಲ, ಕುರಿಯ ಕಾಲಿನಿಂದ. ಅಮೆರಿಕದ ಕ್ಲಿಂಟನ್ ರೂಬಿನ್ ಮತ್ತು ಸಂಗಡಿಗರು ಕುರಿಗಳನ್ನು ಸೆಕೆಂಡಿಗೆ 30 ಸಲ ನಡುಗುವ ಹಲಗೆಯ ಮೇಲೆ ದಿನಕ್ಕೆ 20 ನಿಮಿಷದಂತೆ ಒಂದು ವರ್ಷ ನಿಲ್ಲಿಸಿದರು. ತೊಡೆಯ ಮೂಳೆಯ ಒಳಗಿನ ಜಾಲದಂಥ ಭಾಗದ ಸಾಂದ್ರತೆ ಶೇಕಡಾ 34ರಷ್ಟು ಹೆಚ್ಚಾಯಿತು. 2001ರಲ್ಲಿ ನೇಚರ್ ಪತ್ರಿಕೆಯಲ್ಲಿ ಇದು ಪ್ರಕಟವಾದಾಗ ಮೂಳೆ ಸವೆತದ ರೋಗಿಗಳಿಗೆ ಔಷಧವಿಲ್ಲದ ಚಿಕಿತ್ಸೆ ಸಿಕ್ಕೀತೆಂಬ ಆಸೆ ಹುಟ್ಟಿತು. ಆ 30 ಮತ್ತು ಆ 20 ಎಂಬ ಎರಡು ಸಂಖ್ಯೆಗಳನ್ನು ಆಕ್ಸೆಲಡೆಂಟಿನಲ್ಲೂ ಕಾಣಬಹುದು. ಕಂಪನಕ್ಕೆ ಮೂಳೆ ಸ್ಪಂದಿಸುತ್ತದೆ ಎಂಬುದು ಹಾಗಾಗಿ ಗಾಳಿಮಾತಲ್ಲ.

ಆದರೆ ಇಲ್ಲೇ ನಾವು ನಿಂತು ಯೋಚಿಸಬೇಕಾದ ಸಂಗತಿ ಇರುವುದು. ಕುರಿಯ ಕಾಲಿನಲ್ಲಿ ಕಂಪನದಿಂದ ಮೂಳೆ ಬೆಳೆಯಿತು, ಗಟ್ಟಿಯಾಯಿತು. ಹಲ್ಲು ಸರಿಯಬೇಕಾದರೆ ಮೊದಲು ಆಗಬೇಕಾದದ್ದು ಮೂಳೆ ಕರಗುವುದು. ಒಂದೇ ಕಂಪನ ಕಾಲಿನಲ್ಲಿ ಕಟ್ಟಿ, ದವಡೆಯಲ್ಲಿ ಕೆಡವಬೇಕಾದರೆ ಅದಕ್ಕೆ ಬೇರೆಯೇ ಪುರಾವೆ ಬೇಕು. ಪ್ರಾಣಿಗಳ ಮೇಲಿನ ಪ್ರಯೋಗಗಳು ಆ ಪುರಾವೆಯನ್ನು ಒಂದೇ ದನಿಯಲ್ಲಿ ಕೊಡಲಿಲ್ಲ. 2008ರಲ್ಲಿ ಜಪಾನಿನ ನಿಶಿಮುರ ತಂಡ ಸೆಕೆಂಡಿಗೆ 60 ಸಲದ ಕಂಪನ ಕೊಟ್ಟ ಇಲಿಗಳಲ್ಲಿ ಹಲ್ಲು ಹೆಚ್ಚು ಸರಿದದ್ದನ್ನು ಕಂಡಿತು. 2014ರಲ್ಲಿ ಪ್ರಕಟವಾದ ಅಮೆರಿಕದ ಇನ್ನೊಂದು ಪ್ರಯೋಗದಲ್ಲಿ ಇಲಿಗಳ ಹಲ್ಲಿನ ಚಲನೆ ಕಡಿಮೆಯೇ ಆಯಿತು. 2015ರಲ್ಲಿ ಚಿಟ್ಟಿಲಿಗಳ ಮೇಲೆ ಮೂರು ಬೇರೆ ಬೇರೆ ಕಂಪನ ಪ್ರಯತ್ನಿಸಿದಾಗ ಹಲ್ಲಿನ ಚಲನೆಯಲ್ಲಿ ಗಮನಿಸುವಂಥ ವ್ಯತ್ಯಾಸ ಬರಲಿಲ್ಲ. ಜಾಹೀರಾತು ಬರೆಯುವವನು ಇವುಗಳಲ್ಲಿ ಯಾವುದನ್ನು ಎತ್ತಿಕೊಳ್ಳುತ್ತಾನೆ ಎಂದು ಬೇರೆ ಹೇಳಬೇಕಿಲ್ಲ.

ಬಲದ ಲೆಕ್ಕವನ್ನೂ ನೋಡಿ. 0.25 ನ್ಯೂಟನ್ ಎಂದರೆ ಸುಮಾರು 25 ಗ್ರಾಂ ತೂಕದ ಒತ್ತು. ಕೋರೆಹಲ್ಲು ಎಳೆಯಲು ಡಾಕ್ಟರು ಹಾಕುವ ಸ್ಪ್ರಿಂಗ್ ಹಗಲೂ ರಾತ್ರಿಯೂ ಬಿಡದೆ ಸುಮಾರು 150 ಗ್ರಾಂ ಎಳೆಯುತ್ತಿರುತ್ತದೆ. ಕುಚ್ಚಲಕ್ಕಿ ಅನ್ನ ಅಗಿಯುವಾಗ ದವಡೆಹಲ್ಲಿನ ಮೇಲೆ ಬೀಳುವ ಬಲವಂತೂ ಇದರ ಎಷ್ಟೋ ಪಟ್ಟು. ಬಲ ಮುಖ್ಯವಲ್ಲ, ಕಂಪನದ ಗತಿ ಮುಖ್ಯ ಎಂದು ಸಾಧನದ ಪರವಾಗಿ ವಾದಿಸುವವರಿದ್ದಾರೆ. ಜೀವಕೋಶಗಳು ಕೆಲವು ಗತಿಗಳಿಗೆ ಮಾತ್ರ ಸ್ಪಂದಿಸುತ್ತವೆ ಎಂಬುದರಲ್ಲಿ ಅರ್ಥವಿಲ್ಲದೆ ಇಲ್ಲ. ಆದರೆ ಇಂಥ ವಾದ ಎಷ್ಟು ಚೆಂದವಿದ್ದರೂ ಮನುಷ್ಯರ ಬಾಯಿಯಲ್ಲಿ ಅಳತೆಪಟ್ಟಿ ಇಟ್ಟು ನೋಡಿದಾಗಲೇ ತೀರ್ಮಾನವಾಗುವುದು.

ಹಾಗೆ ಅಳೆದವರಲ್ಲಿ ಹೌದು ಎಂದವರು ಅಮೆರಿಕದ ಪಾವ್ಲಿನ್ ಮತ್ತು ಸಂಗಡಿಗರು. 45 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ನಡುಗುವ ಸಾಧನ, ಇನ್ನೊಂದಕ್ಕೆ ನಡುಗದ ನಕಲಿ ಸಾಧನ ಕೊಟ್ಟರು. 2015ರಲ್ಲಿ ಫಲಿತಾಂಶ ಹೊರಬಂತು: ಕಂಪನದ ಗುಂಪಿನಲ್ಲಿ ಕೋರೆಹಲ್ಲು ತಿಂಗಳಿಗೆ 1.16 ಮಿಲಿಮೀಟರ್, ಇನ್ನೊಂದು ಗುಂಪಿನಲ್ಲಿ 0.79. ಜಾಹೀರಾತಿನ 'ಶೇಕಡಾ 50'ಕ್ಕೆ ಇಷ್ಟು ಹತ್ತಿರ ಬರುವ ಪರೀಕ್ಷೆ ಇದೇ. ಅಂತರ ತಿಂಗಳಿಗೆ 0.37 ಮಿಲಿಮೀಟರ್. ಒಂದು ಹಲ್ಲು ಕಿತ್ತ ಸುಮಾರು 7 ಮಿಲಿಮೀಟರ್ ಎಡೆಯನ್ನು ಮುಚ್ಚಲು ಒಂಬತ್ತು ತಿಂಗಳ ಬದಲು ಆರು ತಿಂಗಳು ಎಂದಂತಾಯಿತು. ನಿಜವೇ ಆಗಿದ್ದರೆ ಸಣ್ಣ ಲಾಭವಲ್ಲ. ಆದರೆ ಗುಂಪುಗಳು ಚಿಕ್ಕವು, ಅಳೆದದ್ದು ಚಿಕಿತ್ಸೆಯ ಒಂದು ಹಂತವನ್ನು ಮಾತ್ರ, ಪರೀಕ್ಷೆಯ ವೆಚ್ಚ ಭರಿಸಿದ್ದು ಸಾಧನ ತಯಾರಿಸಿದ ಕಂಪನಿ. ಕಂಪನಿ ದುಡ್ಡು ಕೊಟ್ಟಿತೆಂದ ಮಾತ್ರಕ್ಕೆ ಸುಳ್ಳು ಎನ್ನಲಾಗದು. ಬೇರೆಯವರು ಬೇರೆ ಕಡೆ ಮಾಡಿ ನೋಡಿದಾಗಲೂ ಅದೇ ಬಂತೇ ಎಂಬುದು ಆಗ ಕೇಳಬೇಕಾದ ಪ್ರಶ್ನೆ.

ಬರಲಿಲ್ಲ. ಅದೇ 2015ರಲ್ಲಿ ಇಂಗ್ಲೆಂಡಿನ ವುಡ್‌ಹೌಸ್ ಮತ್ತು ಸಂಗಡಿಗರು 81 ಹದಿಹರೆಯದವರ ಮೇಲೆ ನಡೆಸಿದ ಪರೀಕ್ಷೆ ಪ್ರಕಟವಾಯಿತು. ಒಂದಕ್ಕಿಂತ ಹೆಚ್ಚು ಆಸ್ಪತ್ರೆಗಳಲ್ಲಿ ನಡೆದ ಇದರಲ್ಲಿ ಮೂರು ಗುಂಪು: ಆಕ್ಸೆಲಡೆಂಟ್ ಬಳಸಿದವರು, ನಡುಗದ ನಕಲಿ ಬಳಸಿದವರು, ಏನೂ ಬಳಸದೆ ಕ್ಲಿಪ್ ಮಾತ್ರ ಇದ್ದವರು. ಎಲ್ಲರೂ ಹಲ್ಲು ಕಿತ್ತು ಚಿಕಿತ್ಸೆಗೆ ಒಳಗಾದವರೇ. ವಕ್ರವಾದ ಮುಂಬಲ್ಲುಗಳು ಸಾಲಿಗೆ ಬರುವ ವೇಗ ಮೂರೂ ಗುಂಪುಗಳಲ್ಲಿ ಒಂದೇ ತೆರನಾಗಿತ್ತು. ಆ ತಂಡ ಅಲ್ಲಿಗೇ ಬಿಡಲಿಲ್ಲ, ಅದೇ ಮಕ್ಕಳನ್ನು ಕ್ಲಿಪ್ ಬಿಚ್ಚುವವರೆಗೂ ಹಿಂಬಾಲಿಸಿತು. 2018ರಲ್ಲಿ ಡಿಬಿಯಾಸ್ ಮತ್ತು ಸಂಗಡಿಗರ ವರದಿ ಬಂತು: ಎಡೆ ಮುಚ್ಚುವ ವೇಗದಲ್ಲೂ, ಚಿಕಿತ್ಸೆಯ ಒಟ್ಟು ಅವಧಿಯಲ್ಲೂ, ಕೊನೆಗೆ ಹಲ್ಲುಗಳು ಕೂತ ರೀತಿಯಲ್ಲೂ ವ್ಯತ್ಯಾಸವಿಲ್ಲ. ನನ್ನ ಮಟ್ಟಿಗೆ ಈ ವಿಷಯದಲ್ಲಿ ಅತಿ ಹೆಚ್ಚು ತೂಕದ ಪುರಾವೆ ಇದೇ. ಹೆತ್ತವರು ಕೇಳುವುದು ತಿಂಗಳಿಗೆ ಎಷ್ಟು ಮಿಲಿಮೀಟರ್ ಎಂದಲ್ಲ, ಬಿಚ್ಚುವುದು ಯಾವಾಗ ಎಂದು. ಆ ಪ್ರಶ್ನೆಗೆ ನೇರ ಉತ್ತರ ಕೊಟ್ಟ ಪರೀಕ್ಷೆ ಇದು.

ಆಸ್ಟ್ರೇಲಿಯಾದ ಪೀಟರ್ ಮೈಲ್ಸ್ ಇದಕ್ಕೂ ಮೊದಲೇ, 2012ರಲ್ಲಿ, ಟೂತ್ ಮಸಾಜರ್ ಎನ್ನಬಹುದಾದ ಬೇರೊಂದು ಕಂಪನ ಸಾಧನವನ್ನು 66 ರೋಗಿಗಳಲ್ಲಿ ಪರೀಕ್ಷಿಸಿ ಪ್ರಯೋಜನ ಕಂಡಿರಲಿಲ್ಲ. ಆಮೇಲೆ ಆಕ್ಸೆಲಡೆಂಟನ್ನೇ 40 ರೋಗಿಗಳಲ್ಲಿ ನೋಡಿದಾಗಲೂ ಹಾಗೆಯೇ. ಪರೀಕ್ಷೆಗಳನ್ನೆಲ್ಲ ಒಟ್ಟು ಹಾಕಿ ತೂಗುವ ಕಾಕ್ರೇನ್ ಸಂಸ್ಥೆ 2015ರಲ್ಲಿ ಈ ವಿಷಯ ಕೈಗೆತ್ತಿಕೊಂಡಾಗ ಲೆಕ್ಕಕ್ಕೆ ಸಿಕ್ಕಿದ್ದು ಎರಡೇ ಪರೀಕ್ಷೆ, 111 ರೋಗಿಗಳು. ಏನನ್ನೂ ಖಚಿತವಾಗಿ ಹೇಳುವಂತಿರಲಿಲ್ಲ. 2023ರಲ್ಲಿ ಅದನ್ನು ಪರಿಷ್ಕರಿಸುವ ಹೊತ್ತಿಗೆ ಲೇಸರ್ ಬೆಳಕಿನ ಚಿಕಿತ್ಸೆಯೂ ಸೇರಿ ಪರೀಕ್ಷೆಗಳ ಸಂಖ್ಯೆ ಎರಡು ಡಜನಿನ ಹತ್ತಿರ ಬಂದಿತ್ತು. ಹಗುರ ಕಂಪನದಿಂದ ರೋಗಿಗೆ ಗೊತ್ತಾಗುವಷ್ಟು ಲಾಭವಿದೆ ಎನ್ನಲು ಆಗಲೂ ಆಧಾರ ಸಿಗಲಿಲ್ಲ. ಪರೀಕ್ಷೆಗಳಲ್ಲಿ ಹಲವು ಚಿಕ್ಕವು, ಕೆಲವುಗಳ ಗುಣಮಟ್ಟ ಸಾಲದು ಎಂಬ ಎಚ್ಚರಿಕೆಯನ್ನೂ ಕಾಕ್ರೇನ್ ಕೊಟ್ಟಿದೆ. ಕಂಪನದಿಂದ ಎಂದೆಂದಿಗೂ ಏನೂ ಆಗದು ಎಂದು ಯಾರೂ ಪ್ರಮಾಣ ಮಾಡುತ್ತಿಲ್ಲ. ಮಾರಾಟಕ್ಕಿರುವ ಸಾಧನಗಳು ಹೇಳಿದ ಪ್ರಮಾಣದಲ್ಲಿ ಕೆಲಸ ಮಾಡಿದ್ದನ್ನು ಸ್ವತಂತ್ರ ಪರೀಕ್ಷೆಗಳು ಕಂಡಿಲ್ಲ, ಅಷ್ಟೆ.

ಒಂದು ಚಿಕ್ಕ ಪರೀಕ್ಷೆಯಲ್ಲಿ ದೊಡ್ಡ ಲಾಭ, ಉಳಿದವುಗಳಲ್ಲಿ ಏನೂ ಇಲ್ಲ ಎಂಬ ಈ ಓಟ ಕಂಪನಕ್ಕೆ ಮಾತ್ರ ಸೀಮಿತವಲ್ಲ. ಒಸಡಿನ ಮೂಲಕ ಮೂಳೆಗೆ ಸೂಕ್ಷ್ಮ ರಂಧ್ರ ಕೊರೆದರೆ ಹಲ್ಲು ಬೇಗ ಸರಿಯುತ್ತದೆ ಎಂದು 2013ರಲ್ಲಿ ನ್ಯೂಯಾರ್ಕಿನಲ್ಲಿ 20 ರೋಗಿಗಳ ಪರೀಕ್ಷೆಯೊಂದು ಹೇಳಿತು. 28 ದಿನಗಳಲ್ಲಿ 2.3 ಪಟ್ಟು ವೇಗ ಎಂಬುದು ಅದರ ಲೆಕ್ಕ. 2018ರಲ್ಲಿ ಜೋರ್ಡಾನಿನ ತಂಡವೊಂದು ಒಬ್ಬೊಬ್ಬ ರೋಗಿಯ ಬಾಯಿಯ ಒಂದು ಬದಿಗೆ ರಂಧ್ರ ಕೊರೆದು, ಇನ್ನೊಂದು ಬದಿಯನ್ನು ಹಾಗೇ ಬಿಟ್ಟು ಅಳೆದಾಗ ವ್ಯತ್ಯಾಸ ಕಾಣಲಿಲ್ಲ. ಬ್ರ್ಯಾಕೆಟ್ ಎಂದರೆ ಹಲ್ಲಿಗೆ ಅಂಟಿಸಿ ತಂತಿ ಸಿಕ್ಕಿಸುವ ಚಿಕ್ಕ ಹಿಡಿ. ತಂತಿಯನ್ನು ಹಿಡಿದಿಡಲು ಪುಟ್ಟ ಬಾಗಿಲಿರುವ ಬ್ರ್ಯಾಕೆಟ್, ಅಂದರೆ ಸೆಲ್ಫ್ ಲೈಗೇಟಿಂಗ್ ಬ್ರ್ಯಾಕೆಟ್, ತಿಂಗಳುಗಟ್ಟಲೆ ಉಳಿಸುತ್ತದೆ ಎಂಬ ಮಾತೂ ಬಂದು ಪರೀಕ್ಷೆಗಳೆದುರು ಸೊರಗಿತು. ಚಿಕ್ಕ ಗುಂಪುಗಳಲ್ಲಿ ನಾಲ್ಕೈದು ಮಕ್ಕಳ ಹಲ್ಲು ಸಹಜವಾಗಿಯೇ ಬೇಗ ಸರಿಯುವಂಥದ್ದಾದರೂ ಸರಾಸರಿ ಮೇಲೇರುತ್ತದೆ. ಒಬ್ಬೊಬ್ಬರ ಮೂಳೆಯ ಗತಿ ಒಂದೊಂದು. ಚೆನ್ನಾಗಿ ಬಂದ ಫಲಿತಾಂಶಗಳು ಬೇಗ ಪ್ರಕಟವಾಗುತ್ತವೆ, ಏನೂ ಸಿಗದ ಪರೀಕ್ಷೆಗಳು ಕಪಾಟಿನಲ್ಲೇ ಉಳಿಯುತ್ತವೆ. ಅಷ್ಟರಲ್ಲಿ ಸಾಧನ ಅಂಗಡಿಗೆ ಬಂದಾಗಿರುತ್ತದೆ. ಮೂಳೆಯ ಹೊರಪದರವನ್ನೇ ಶಸ್ತ್ರಚಿಕಿತ್ಸೆಯಿಂದ ಗೀರುವ ಕಾರ್ಟಿಕಾಟಮಿ ಸ್ವಲ್ಪ ಕಾಲ ನಿಜವಾಗಿ ವೇಗ ಕೊಡುತ್ತದೆ ಎನ್ನಲು ಇವುಗಳಿಗಿಂತ ಗಟ್ಟಿಯಾದ ಆಧಾರವಿದೆ. ಆದರೆ ಕೆಲವು ತಿಂಗಳಲ್ಲಿ ಆ ಪರಿಣಾಮ ಇಳಿಯುತ್ತದೆ. ಮದುವೆಯ ಫೋಟೋಕ್ಕಾಗಿ ದವಡೆಗೆ ಶಸ್ತ್ರಕ್ರಿಯೆ ಮಾಡಿಸಿಕೊಳ್ಳಿ ಎಂದು ಯಾರಿಗೂ ಹೇಳುವ ಧೈರ್ಯ ನನಗಿಲ್ಲ.

ಹಾಗಾದರೆ ಬಳಸಿದವರು ಬೇಗ ಆಯಿತು ಎನ್ನುವುದೇಕೆ? ಅವರು ಸುಳ್ಳು ಹೇಳುತ್ತಿಲ್ಲ. ಕಾಣದ ಅಲೈನರುಗಳ, ಅಂದರೆ ತಂತಿಯ ಬದಲು ಹಲ್ಲಿಗೆ ತೊಡಿಸುವ ಪಾರದರ್ಶಕ ಪ್ಲಾಸ್ಟಿಕ್ ಕವಚಗಳ ಸಂಗತಿ ತೆಗೆದುಕೊಳ್ಳಿ. ಮೊದಲು ಎರಡು ವಾರಕ್ಕೊಮ್ಮೆ ಅಲೈನರ್ ಬದಲಿಸುವ ಪದ್ಧತಿ ಇತ್ತು. ಕಂಪನ ಸಾಧನ ಕೊಟ್ಟವರು ವಾರಕ್ಕೊಮ್ಮೆ ಬದಲಿಸಿ ಎಂದರು, ಚಿಕಿತ್ಸೆ ಬೇಗ ಮುಗಿಯಿತು, ಕೀರ್ತಿ ಸಾಧನಕ್ಕೆ ಹೋಯಿತು. 2018ರಲ್ಲಿ ಅಮೆರಿಕದ ಕಚೂಯಿ ಮತ್ತು ಸಂಗಡಿಗರು 26 ಮಂದಿಗೆ ವಾರಕ್ಕೊಮ್ಮೆ ಅಲೈನರ್ ಬದಲಿಸಲು ಹೇಳಿ, ಅರ್ಧದಷ್ಟು ಜನಕ್ಕೆ ನಡುಗುವ ಸಾಧನ, ಉಳಿದವರಿಗೆ ನಡುಗದ್ದನ್ನು ಕೊಟ್ಟರು. ಹಲ್ಲು ಸಾಲಿಗೆ ಬಂದದ್ದರಲ್ಲಿ ವ್ಯತ್ಯಾಸವಿರಲಿಲ್ಲ. ಇನ್ವಿಸಲೈನ್ ಎಂಬ ಅಲೈನರ್ ತಯಾರಿಸುವ ಕಂಪನಿ ಕೂಡ 2016ರಲ್ಲೇ ಕಂಪನದ ಗೊಡವೆಯಿಲ್ಲದೆ ವಾರಕ್ಕೊಮ್ಮೆ ಬದಲಿಸಬಹುದು ಎಂದಿತ್ತು. ವೇಗ ಬಂದದ್ದು ಬದಲಿಸುವ ವೇಳಾಪಟ್ಟಿಯಿಂದ, ನಡುಕದಿಂದಲ್ಲ.

ಡಾಕ್ಟರ ಮುಖ ನೋಡದೆ ಮನೆಗೇ ಅಲೈನರ್ ತರಿಸುವ ವ್ಯಾಪಾರದಲ್ಲೂ ಕಂಪನ ಒಂದು ಆಕರ್ಷಣೆಯಾಗಿತ್ತು. ಅಮೆರಿಕದ ಬೈಟ್ ಎಂಬ ಕಂಪನಿ ತನ್ನ ಅಲೈನರ್ ಜೊತೆ ಹೈಪರ್‌ಬೈಟ್ ಎಂಬ ಕಂಪನ ಸಾಧನವನ್ನೂ ಕಳಿಸಿ, ಕೆಲವೇ ತಿಂಗಳಲ್ಲಿ ಮುಗಿಯುವ ಚಿಕಿತ್ಸೆ ಎಂದು ಮಾರಿತು. ಮುಂಬಲ್ಲುಗಳನ್ನು ಮಾತ್ರ ಸ್ವಲ್ಪ ಸರಿಸುವ ಕೆಲಸ ಹೇಗೂ ಬೇಗ ಮುಗಿಯುವಂಥದ್ದೇ. ದಂತ ಸಲಕರಣೆಗಳ ದೈತ್ಯ ಡೆಂಟ್‌ಸ್‌ಪ್ಲೈ ಸಿರೋನಾ ಈ ಕಂಪನಿಯನ್ನು ನೂರು ಕೋಟಿ ಡಾಲರಿಗೂ ಹೆಚ್ಚು ಕೊಟ್ಟು ಕೊಂಡಿತು. 2024ರ ಅಕ್ಟೋಬರಿನಲ್ಲಿ ಬೈಟ್ ಅಲೈನರುಗಳ ಮಾರಾಟವನ್ನು ತಾನಾಗಿ ನಿಲ್ಲಿಸಿತು. ಅದಕ್ಕೂ ಮೊದಲು, 2023ರ ಡಿಸೆಂಬರಿನಲ್ಲಿ, ಇದೇ ಬಗೆಯ ಸ್ಮೈಲ್ ಡೈರೆಕ್ಟ್ ಕ್ಲಬ್ ಬಾಗಿಲು ಮುಚ್ಚಿ ಚಿಕಿತ್ಸೆಯ ನಡುವಿನಲ್ಲಿದ್ದ ಗ್ರಾಹಕರನ್ನು ಕೈಬಿಟ್ಟಿತ್ತು. ಗಲ್ಫಿನಲ್ಲಿ ಕೂತು ಆನ್‌ಲೈನಿನಲ್ಲಿ ಅಲೈನರ್ ತರಿಸುವ ನಮ್ಮೂರ ಹುಡುಗರು ಈ ಎರಡು ಕತೆಗಳನ್ನು ಓದಿಕೊಳ್ಳುವುದು ಒಳ್ಳೆಯದು. ಹಲ್ಲು ಅರ್ಧ ಸರಿದು ನಿಂತರೆ ಕೇಳಲು ಒಬ್ಬ ಡಾಕ್ಟರು ಇರಲೇಬೇಕು.

ನೋವಿನ ಬಗ್ಗೆ ಒಂದು ಮಾತು. ಕಂಪನ ನೋವನ್ನು ತಗ್ಗಿಸುತ್ತದೆ ಎಂದು ಒಂದು ಅಮೆರಿಕನ್ ಪರೀಕ್ಷೆ ಹೇಳಿದರೆ, ಇಂಗ್ಲೆಂಡಿನ ಮಕ್ಕಳಲ್ಲಿ ಅಂಥದ್ದೇನೂ ಕಾಣಲಿಲ್ಲ. ತಂತಿ ಬದಲಿಸಿದ ಮೇಲಿನ ಎರಡು ಮೂರು ದಿನ ಗಂಜಿ ಕುಡಿದು, ಡಾಕ್ಟರು ಹೇಳಿದ ಮಾತ್ರೆ ನುಂಗಿ ಕಳೆಯುವವರಿಗೆ ಅಷ್ಟು ದುಬಾರಿಯ ಡಬ್ಬಿ ಬೇಡ.

ಈಗ ನಮ್ಮ ಊರಿನ ಲೆಕ್ಕಕ್ಕೆ ಬರೋಣ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟವಾದ ವಿಮರ್ಶೆಯೊಂದರ ಪ್ರಕಾರ ಕ್ಲಿಪ್ ಚಿಕಿತ್ಸೆಗೆ ಸರಾಸರಿ ಹಿಡಿಯುವ ಕಾಲ ಸುಮಾರು 20 ತಿಂಗಳು, ಡಾಕ್ಟರ ಬಳಿ ಹೋಗಬೇಕಾದದ್ದು ಸುಮಾರು 18 ಸಲ. ಈ ಹದಿನೆಂಟನ್ನು ಮುಳ್ಳೇರಿಯದ ಅಥವಾ ಪೆರ್ಲದ ಮನೆಯಿಂದ ನೋಡಿ. ಕ್ಲಿಪ್ ಹಾಕುವ ತಜ್ಞರಾದ ಆರ್ಥೊಡಾಂಟಿಸ್ಟರು ಸಿಗುವುದು ಕಾಸರಗೋಡು ಪೇಟೆಯಲ್ಲಿ, ಪೊಯಿನಾಚಿಯ ದಂತ ಕಾಲೇಜಿನಲ್ಲಿ, ಇಲ್ಲವೇ ಸುಳ್ಯದಲ್ಲಿ. ಬಹಳ ಮಂದಿ ಹೋಗುವುದು ತಲಪಾಡಿ ಗಡಿ ದಾಟಿ ದೇರಳಕಟ್ಟೆಗೋ ಮಂಗಳೂರಿಗೋ. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು ಐವತ್ತು ಕಿಲೋಮೀಟರ್. ಒಳನಾಡಿನವರಿಗೆ ಹೆದ್ದಾರಿ ತಲುಪಲೇ ಮೊದಲು ಒಂದು ಬಸ್ಸು ಬೇಕು. ಕುರ್ಚಿಯಲ್ಲಿ ಹದಿನೈದು ನಿಮಿಷದ ಕೆಲಸಕ್ಕೆ ಮಗುವಿನ ಒಂದು ದಿನದ ಶಾಲೆ, ಜೊತೆಗೆ ಹೋಗುವ ಅಪ್ಪನ ಒಂದು ದಿನದ ಸಂಬಳ ಹೋಗುತ್ತದೆ. ಹದಿನೆಂಟು ಸಲ ಎಂದರೆ ಹದಿನೆಂಟು ದಿನ. ಪರೀಕ್ಷೆ, ಶಾಲಾ ಕಲೋತ್ಸವ, ನೇಮ, ಮನೆಯ ಪೂಜೆ ಎಂದು ಒಂದು ಅಪಾಯಿಂಟ್‌ಮೆಂಟ್ ತಪ್ಪಿದರೆ ಮುಂದಿನದು ಸಿಗುವುದು ಮತ್ತೊಂದು ತಿಂಗಳಿಗೆ.

ಅಮೆರಿಕದಲ್ಲಿ 1999ರಲ್ಲಿ ಪ್ರಕಟವಾದ 140 ರೋಗಿಗಳ ಅಧ್ಯಯನವೊಂದು ಒಬ್ಬರಿಗೂ ಇನ್ನೊಬ್ಬರಿಗೂ ಚಿಕಿತ್ಸೆಯ ಅವಧಿಯಲ್ಲಿ ಯಾಕೆ ಇಷ್ಟು ಅಂತರ ಎಂದು ಹುಡುಕಿತು. ಆ ಅಂತರದ ಹೆಚ್ಚುಕಡಿಮೆ ಅರ್ಧವನ್ನು ಕೆಲವೇ ಸಂಗತಿಗಳು ವಿವರಿಸಿದವು. ತಪ್ಪಿದ ಅಪಾಯಿಂಟ್‌ಮೆಂಟುಗಳು, ಕಿತ್ತುಬಂದು ಮತ್ತೆ ಅಂಟಿಸಿದ ಬ್ರ್ಯಾಕೆಟುಗಳು, ಬಾಯಿಯ ಶುಚಿತ್ವದ ಕೊರತೆ ಅವುಗಳಲ್ಲಿ ಮುಖ್ಯ. ಸೆಕೆಂಡಿಗೆ 30 ಕಂಪನಗಳಿಗಿಂತ ಈ ಮೂರು ಸಂಗತಿಗಳೇ ಕ್ಲಿಪ್ ಬಿಚ್ಚುವ ದಿನವನ್ನು ಹಿಂದೆ ಮುಂದೆ ತಳ್ಳುವಂಥವು. ಗಡಿನಾಡಿನಲ್ಲಿ ಮೊದಲನೆಯದಕ್ಕೆ ರೋಗಿಯನ್ನು ಮಾತ್ರ ದೂರುವಂತಿಲ್ಲ. 2020ರ ಮಾರ್ಚಿನಲ್ಲಿ ಕರ್ನಾಟಕ ಗಡಿ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ ತುರ್ತು ರೋಗಿಗಳಿಗೇ ಮಂಗಳೂರು ಸಿಗಲಿಲ್ಲ, ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಅಂಥ ಹೊತ್ತಿನಲ್ಲಿ ಹಲ್ಲಿನ ತಂತಿಯ ಮಾತು ಎತ್ತುವವರಾರು? ಚಿಕಿತ್ಸೆಗೆ ರಾಜ್ಯದ ಗಡಿ ದಾಟಬೇಕಾದವರ ಕ್ಯಾಲೆಂಡರು ಅವರ ಕೈಯಲ್ಲಿ ಪೂರ್ತಿ ಇರುವುದಿಲ್ಲ.

ಆದರೂ ಕೈಯಲ್ಲಿರುವುದು ಬಹಳಷ್ಟಿದೆ. ಮೊದಲ ಹಂತದಲ್ಲಿ ಹಾಕುವ ನಿಕ್ಕಲ್-ಟೈಟಾನಿಯಂ ತಂತಿಗಳು ವಾರಗಟ್ಟಲೆ ತಾವಾಗಿಯೇ ಹಗುರ ಒತ್ತಡ ಕೊಡುತ್ತಿರುತ್ತವೆ. ಹಾಗಾಗಿ ಸುರುವಿನ ತಿಂಗಳುಗಳಲ್ಲಿ ನಾಲ್ಕು ವಾರದ ಬದಲು ಆರು ಅಥವಾ ಎಂಟು ವಾರಕ್ಕೆ ಬಂದರೆ ಆಗುತ್ತದೆಯೇ ಎಂದು ದೂರದವರು ಕೇಳಬಹುದು; ಎಷ್ಟೋ ಡಾಕ್ಟರು ಒಪ್ಪುತ್ತಾರೆ. ಊರಿಗೆ ಹತ್ತಿರದ ಕ್ಲಿನಿಕ್ಕಿಗೆ ತಿಂಗಳಿಗೊಮ್ಮೆ ಬರುವ ತಜ್ಞರಿದ್ದರೆ ಅಲ್ಲಿಯೇ ಸುರು ಮಾಡುವುದು ಹೆಸರುವಾಸಿ ಆಸ್ಪತ್ರೆಯ ದೂರದ ಕುರ್ಚಿಗಿಂತ ಲೇಸು, ಆದರೆ ಅವರು ಬರುವ ದಿನ ಖಚಿತವಾಗಿರಬೇಕು. ಬ್ರ್ಯಾಕೆಟ್ ಕಿತ್ತುಬಂದರೆ ಮುಂದಿನ ತಾರೀಕಿನವರೆಗೆ ಕಾಯದೆ ಆ ದಿನವೇ ಫೋನ್ ಮಾಡಬೇಕು. ಬ್ರ್ಯಾಕೆಟ್ ಇಲ್ಲದ ಹಲ್ಲು ನಿಂತಲ್ಲೇ ನಿಲ್ಲುತ್ತದೆ, ಕೆಲವೊಮ್ಮೆ ಹಿಂದಕ್ಕೂ ಹೋಗುತ್ತದೆ. ಜೋರು ಮಳೆಗಾಲದ ಸಂಜೆ ಹಲಸಿನ ಹಪ್ಪಳ, ಗಟ್ಟಿ ಚಕ್ಕುಲಿ, ಹಲಸಿನ ಬೀಜಕ್ಕೆ ಉಪ್ಪು ಹಾಕಿ ಒಣಗಿಸಿದ ಸಾಂತಾಣಿ ಮುಂದಿದ್ದರೆ ಮಕ್ಕಳಿಗೆ ಬೇಡ ಎನ್ನುವುದು ಕಷ್ಟ. ಹಾಗೆಂದು ಒಂದು ಸಾಂತಾಣಿ ಕಡಿದು ಬ್ರ್ಯಾಕೆಟ್ ಹಾರಿಹೋದರೆ ಒಂದು ತಿಂಗಳು ಹೋದಂತೆಯೇ. ಕಬ್ಬನ್ನು ಹಲ್ಲಿನಿಂದ ಸಿಗಿಯುವುದು, ಪೇರಳೆ ಕಾಯಿಯನ್ನು ಮುಂಬಲ್ಲಿನಿಂದ ಕಚ್ಚುವುದೂ ಅಷ್ಟೇ. ಚೂರಿಯಿಂದ ಸಣ್ಣಗೆ ಹೆಚ್ಚಿ ಹಿಂದಿನ ಹಲ್ಲಿನಿಂದ ತಿಂದರಾಯಿತು.

ಇನ್ನು ರಬ್ಬರ್ ಬ್ಯಾಂಡ್. ಮೇಲಿನ ಮತ್ತು ಕೆಳಗಿನ ದವಡೆಗಳ ಕಚ್ಚು ಸರಿಪಡಿಸಲು ಡಾಕ್ಟರು ಚಿಕ್ಕ ಪೊಟ್ಟಣದಲ್ಲಿ ಕೊಡುವ ಈ ರಬ್ಬರುಗಳನ್ನು ಊಟದ ಹೊತ್ತು ಬಿಟ್ಟು ದಿನವಿಡೀ ಹಾಕಿಕೊಳ್ಳಬೇಕಾಗುತ್ತದೆ. ಮಕ್ಕಳು ಶಾಲೆಗೆ ಹೋಗುವಾಗ ತೆಗೆದು, ಡಾಕ್ಟರ ಬಳಿ ಹೋಗುವ ಹಿಂದಿನ ದಿನ ಹಾಕಿಕೊಳ್ಳುತ್ತಾರೆ. ಬಾಯಿ ತೆರೆದ ಕೂಡಲೇ ಡಾಕ್ಟರಿಗೆ ಗೊತ್ತಾಗುತ್ತದೆ, ಹಲ್ಲು ಇದ್ದಲ್ಲೇ ಇರುತ್ತದೆ. ಅಲೈನರಿನವರಿಗಾದರೆ ದಿನಕ್ಕೆ 22 ಗಂಟೆಯ ಲೆಕ್ಕ. ದಿನಕ್ಕೆ 20 ನಿಮಿಷ ಕಂಪನದ ಸಾಧನ ಕಚ್ಚಲು ಒಪ್ಪುವ ಶಿಸ್ತು ಒಂದು ಮಗುವಿಗೆ ಇದ್ದರೆ, ಆ ಶಿಸ್ತನ್ನು ರಬ್ಬರಿಗೆ ಕೊಟ್ಟರೆ ಉಳಿಯುವ ಕಾಲ ಹೆಚ್ಚು.

ಸಾಧನ ತೆಗೆದುಕೊಳ್ಳಿ ಎಂದು ಯಾರಾದರೂ ಸಲಹೆ ಕೊಟ್ಟರೆ ಮುಜುಗರಪಡದೆ ಕೇಳಬೇಕಾದದ್ದಿದೆ. ಒಟ್ಟು ಚಿಕಿತ್ಸೆ ಎಷ್ಟು ತಿಂಗಳು ಕಡಿಮೆಯಾಗುತ್ತದೆ, ಅಷ್ಟು ಕಡಿಮೆಯಾದದ್ದನ್ನು ಕಂಪನಿಯ ಹೊರಗಿನವರು ಯಾರಾದರೂ ತೋರಿಸಿದ್ದಾರೆಯೇ, ಕಡಿಮೆಯಾಗದಿದ್ದರೆ ಹಣ ಮರಳುತ್ತದೆಯೇ? ಔಷಧ ಮತ್ತು ವೈದ್ಯಕೀಯ ಸಾಧನಗಳನ್ನು ನಿಯಂತ್ರಿಸುವ ಅಮೆರಿಕದ ಸಂಸ್ಥೆ ಎಫ್‌ಡಿಎಯ ಅನುಮತಿ ಇದೆ ಎಂಬ ಉತ್ತರ ಬಂದರೆ ಅಲ್ಲಿಗೆ ಮುಗಿಯದು. ಇಂಥ ಸಾಧನಗಳಿಗೆ ಸಾಮಾನ್ಯವಾಗಿ ಅನುಮತಿ ಸಿಗುವುದು ಮೊದಲೇ ಮಾರುಕಟ್ಟೆಯಲ್ಲಿರುವ ಇನ್ನೊಂದು ಸಾಧನಕ್ಕೆ ಸರಿಸಮ ಎಂದು ತೋರಿಸುವ ದಾರಿಯಲ್ಲಿ. ಹೊಸ ಔಷಧಕ್ಕೆ ಬೇಕಾಗುವಂಥ ದೊಡ್ಡ ಪರೀಕ್ಷೆಗಳ ದಾರಿ ಅದಲ್ಲ. ಈ ಪ್ರಶ್ನೆಗಳಿಂದ ಒಳ್ಳೆಯ ಡಾಕ್ಟರಿಗೆ ಸಿಟ್ಟು ಬರುವುದಿಲ್ಲ. ನಾನು ಕಂಡ ಹಲವರು ತಾವಾಗಿಯೇ, ಇದೆಲ್ಲ ಬೇಡ, ಸರಿಯಾದ ದಿನಕ್ಕೆ ಬನ್ನಿ ಸಾಕು ಎಂದು ಹೇಳುವವರೇ.

ಈಗಾಗಲೇ ಕೊಂಡು ಬಳಸುತ್ತಿರುವವರು ಹೆದರಬೇಕಾಗಿಲ್ಲ. ಇಂಗ್ಲೆಂಡಿನ ಅದೇ ಪರೀಕ್ಷೆಯಲ್ಲಿ ಹಲ್ಲಿನ ಬೇರು ಸವೆಯುವುದನ್ನೂ ಎಕ್ಸ್‌ರೇಯಲ್ಲಿ ಅಳೆದಿದ್ದರು. 2016ರಲ್ಲಿ ಪ್ರಕಟವಾದ ಆ ಭಾಗದ ಪ್ರಕಾರ ಕಂಪನದ ಗುಂಪಿನಲ್ಲಿ ಸವೆತ ಹೆಚ್ಚಾಗಿಯೂ ಇರಲಿಲ್ಲ, ಕಡಿಮೆಯಾಗಿಯೂ ಇರಲಿಲ್ಲ. ಸಾಧನ ಇದೆಯೆಂಬ ಧೈರ್ಯದಿಂದ ಡಾಕ್ಟರನ್ನು ಕೇಳದೆ ಅಲೈನರನ್ನು ಅವಧಿಗೆ ಮೊದಲೇ ಬದಲಿಸುವುದು, ಮುಂದಿನ ತಾರೀಕನ್ನು ತಪ್ಪಿಸುವುದು ಇವೆರಡನ್ನು ಮಾತ್ರ ಮಾಡಬಾರದು. ಅಲೈನರ್ ಹಲ್ಲಿಗೆ ಸರಿಯಾಗಿ ಕೂರದೆ ಅಂಚಿನಲ್ಲಿ ಎಡೆ ಕಾಣಿಸಿದರೆ ಹೊಸದಕ್ಕೆ ಹೋಗದೆ, ಈಗಿನದನ್ನೇ ಹಾಕಿಕೊಂಡು ಡಾಕ್ಟರಿಗೆ ಫೋನ್ ಮಾಡಿ.